ಲೇಪಾಕ್ಷಿಯಲ್ಲಿ ವಿಚಿತ್ರ ಜೀವಿಗಳನ್ನು ಹುಡುಕಿ ನೋಡುವುದು ಹೇಗೆ

ಆಂಧ್ರದ ಹಿಂದೂಪುರದಿಂದ ಲೇಪಾಕ್ಷಿಗೆ ಸುಮಾರು 15 ಕಿಲೋಮೀಟರ್. ಬಂದವರಲ್ಲಿ ಜಾಸ್ತಿ ಜನ ನೆಲಕ್ಕೆ ಪೂರ್ತಿ ತಾಗದ ನೇತಾಡುವ ಕಂಬದ ಕೆಳಗೆ ಬಟ್ಟೆ ಎಳೆದು, ದೊಡ್ಡ ಬಸವಣ್ಣನ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನಗೆ ಅದು ನಿಜಕ್ಕೂ ಬೇಜಾರು. ವಿಜಯನಗರದ ಕಾಲದ ಆ ವೀರಭದ್ರ ಗುಡಿಯ ಕಲ್ಲಲ್ಲೂ ಚಾವಣಿಯಲ್ಲೂ ಎಷ್ಟೊಂದು ಅದ್ಭುತ ಜೀವಿಗಳಿವೆ ಗೊತ್ತಾ?

ಮೊದಲು ಮೂರು ತಲೆಯ ಹಸು ಎಲ್ಲಿದೆ ಅಂತ ಅಲ್ಲಿನವರನ್ನು ಕೇಳಿ. ಮೈ ಒಂದೇ, ತಲೆ ಮೂರು. ಕಲ್ಲು ಮುಟ್ಟಬೇಡಿ, ಸ್ವಲ್ಪ ದೂರ ನಿಂತು ಅಂಗೈಯನ್ನು ಕಣ್ಣಿನ ಮುಂದೆ ಹಿಡಿದು ಎರಡು ತಲೆ ಮರೆಮಾಡಿ. ಉಳಿದ ತಲೆ ಆ ಮೈಗೆ ಸರಿಯಾಗಿ ಹೊಂದುತ್ತದೆ. ಕೈ ಸರಿಸಿ ಇನ್ನೊಂದು ತಲೆ ನೋಡಿ, ಅದೂ ಹೊಂದುತ್ತದೆ!

ಇದೇ ಉಪಾಯ ಬೇರೆ ಕಡೆಯೂ ನಡೆಯುತ್ತದೆ. ಹೆಸರು ಆಮೇಲೆ ಕೇಳಿ, ಮೊದಲು ಯಾವ ಭಾಗ ಯಾವ ಪ್ರಾಣಿಯದು ಅಂತ ಬಿಡಿಸಿ ನೋಡಿ. ಸಿಂಹದ ಮೈಗೆ ಆನೆ ಸೊಂಡಿಲು ಇದ್ದರೆ ಅದು ಯಾಳಿ ಎಂಬ ಕಲ್ಪನೆಯ ಮೃಗದ ಒಂದು ರೂಪ. ಮೊಸಳೆ ಬಾಯಿಗೆ ಸೊಂಡಿಲು ಸೇರಿದರೆ ಮಕರ. ಬಾಗಿಲ ಮೇಲೆ, ಕಮಾನಿನ ತುದಿಯಲ್ಲಿ ಗುಡ್ಡೆಗಣ್ಣಿನ ಮುಖ ಕಂಡರೆ ಕೆಳದವಡೆ ಇದೆಯಾ ನೋಡಿ. ಸಾಮಾನ್ಯವಾಗಿ ಇರುವುದಿಲ್ಲ. ಅದು ಕೀರ್ತಿಮುಖ, ಹಸಿವು ತಾಳದೆ ಶಿವನ ಮಾತಿನಂತೆ ತನ್ನ ಮೈಯನ್ನೇ ತಿಂದು ಮುಖ ಮಾತ್ರ ಉಳಿಸಿಕೊಂಡದ್ದು.

ಏನೋ ಕಡಿಮೆ ಅಥವಾ ಜಾಸ್ತಿ ಇದ್ದರೆ ಅಲ್ಲೊಂದು ಕಥೆ ಇರುತ್ತದೆ. ನಾಟ್ಯಮಂಟಪದಲ್ಲಿ ಶಿವಭಕ್ತ ಋಷಿ ಭೃಂಗಿಯನ್ನು ಹುಡುಕಿ, ಕಾಲು ಎಣಿಸಿ. ಮೂರು! ಶಿವನಿಗೆ ಮಾತ್ರ ಪ್ರದಕ್ಷಿಣೆ ಹಾಕುತ್ತೇನೆ ಅಂತ ಹಟ ಹಿಡಿದವನ ಮೈಯಿಂದ ಪಾರ್ವತಿ ರಕ್ತ ಮಾಂಸ ಕಿತ್ತುಕೊಂಡಳು, ನಿಲ್ಲಲು ಆಗದವನಿಗೆ ಶಿವ ಇನ್ನೊಂದು ಕಾಲು ಕೊಟ್ಟ. ಮೂರು ಕಾಲಲ್ಲಿ ಕುಣಿಯುವವನನ್ನು ಕಲ್ಲಲ್ಲಿ ನಿಲ್ಲಿಸಿದ ಶಿಲ್ಪಿಗೆ ಎಷ್ಟು ಕೈಮುಗಿದರೂ ಸಾಲದು.

ಚಾವಣಿಯ ಚಿತ್ರಗಳಿಗೆ ಚಿಕ್ಕ ಕನ್ನಡಿ ಒಯ್ಯಿರಿ, ಕತ್ತು ನೋಯುವುದಿಲ್ಲ. ಫ್ಲಾಶ್ ಮಾತ್ರ ಬೇಡ, ಬಣ್ಣ ಈಗಾಗಲೇ ತುಂಬಾ ಕಡೆ ಉದುರಿದೆ. ಬೇಡನ ವೇಷದ ಶಿವನೂ ಅರ್ಜುನನೂ ಹೋರಾಡುವ ಕಿರಾತಾರ್ಜುನರ ಕಥೆಯ ಹಂದಿಯನ್ನು ಹುಡುಕಿ. ನೋಡಲು ಬರೀ ಕಾಡುಹಂದಿ, ಆದರೆ ಅದು ಅರ್ಜುನನನ್ನು ಕೊಲ್ಲಲು ಬಂದ ಮೂಕಾಸುರ. ಹಾಗಾಗಿ ಕೋರೆಹಲ್ಲು, ನಾಲಗೆ ಕಾಣಿಸದಿದ್ದರೂ ರಾಕ್ಷಸ ಇರಬಹುದು ಅಲ್ವಾ, ಸುತ್ತಲಿನ ಬಿಲ್ಲು ಬಾಣ ನೋಡಿ ತಿಳಿದುಕೊಳ್ಳಬೇಕು.

ವೀರಭದ್ರನ ದೊಡ್ಡ ಚಿತ್ರದ ಹತ್ತಿರ ಹೋದಾಗ ಗಾತ್ರ ಹೋಲಿಸಿ. ಗುಡಿ ಕಟ್ಟಿಸಿದ ವಿರುಪಣ್ಣ, ವೀರಣ್ಣ ಅಣ್ಣತಮ್ಮಂದಿರು ಅವನ ಮುಂದೆ ಪುಟ್ಟವರಾಗಿ ಕಾಣುತ್ತಾರೆ.

ನಿಮ್ಮ ಊರಲ್ಲಿ ವೀರಗಾಸೆ ಕುಣಿತ ಇದ್ದರೆ ಅದನ್ನೂ ಬಿಡಬೇಡಿ. ಕುಣಿಯುವವರ ಬಳಿ ಇರುವ, ವೀರಭದ್ರನ ರೂಪ ಮೂಡಿಸಿದ ಹಲಗೆಯಲ್ಲಿ ದೇವರ ಕಾಲ ಬಳಿ ಆಡಿನ ತಲೆಯ ಮನುಷ್ಯನಿದ್ದಾನಾ ನೋಡಿ. ಇದ್ದರೆ ಅವನೇ ದಕ್ಷ, ವೀರಭದ್ರ ತಲೆ ಕಡಿದ ಮೇಲೆ ಆಡಿನ ತಲೆ ಪಡೆದವನು.