ಸೊನ್ನೆ ಅಂತ ಬರೆದ ದಿನಗಳು

ಬಿಡಿಭಾಗಗಳ ಗೋಡೌನ್ ನೋಡಿಕೊಳ್ಳುವುದು ನನ್ನ ಕೆಲಸ. ಬೇರಿಂಗ್, ಬೆಲ್ಟ್, ಆಯಿಲ್ ಸೀಲ್, ಇಂಥವು. ಮೊದಲು ನಮ್ಮ ಲೆಕ್ಕ ಸರಳವಾಗಿತ್ತು. ದಿನದ ಸರಾಸರಿ ಖರ್ಚನ್ನು ಮಾಲು ಬರಲು ಹಿಡಿಯುವ ದಿನಗಳಿಂದ ಗುಣಿಸುವುದು, ಸ್ಟಾಕ್ ಅಲ್ಲಿಗೆ ಇಳಿದಾಗ ಆರ್ಡರ್ ಹಾಕುವುದು. ಒಂದು ಬೇರಿಂಗ್ ದಿನಕ್ಕೆ 4 ಹೋಗುತ್ತಿತ್ತು, ಬರಲು 9 ದಿನ. ಹಾಗಾಗಿ 36. ಹೆಚ್ಚುಕಮ್ಮಿ ಎರಡು ಸಲಕ್ಕೊಮ್ಮೆ ಮಾಲು ಬರುವ ಮೊದಲೇ ರ‍್ಯಾಕ್ ಖಾಲಿ. ಸರಾಸರಿ ಅಂದರೆ ಅದೇ ಅಲ್ವಾ, ಕೆಲವು ಸಲ ಅದಕ್ಕಿಂತ ಜಾಸ್ತಿ ಬೇಕಾಗಿಯೇ ಆಗುತ್ತದೆ.

ಆಮೇಲೆ ಪುಸ್ತಕದ ದಾರಿ ಹಿಡಿದೆ. ದಿನದ ಖರ್ಚಿನ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯಿಂದ ಆಚೀಚೆ ಆಗುವ ಏರಿಳಿತದ ಅಳತೆ, 3 ಇತ್ತು. 9 ದಿನಕ್ಕೆ ಅದನ್ನು 9ರ ವರ್ಗಮೂಲದಿಂದ ಗುಣಿಸಬೇಕು, ಅಂದರೆ 9. 100ರಲ್ಲಿ 95 ಸಲ ಖಾಲಿ ಆಗಬಾರದು ಅಂದರೆ ಅದರ 1.65 ಪಟ್ಟು, ಸುಮಾರು 15 ಹೆಚ್ಚುವರಿ ಇಡಬೇಕು. ಹೀಗೆ 51ಕ್ಕೆ ಆರ್ಡರ್ ಹಾಕತೊಡಗಿದೆ. ಆದರೂ ಖಾಲಿ ಆಗುತ್ತಲೇ ಇತ್ತು.

ತಪ್ಪು ಎಲ್ಲಿದೆ ಅಂತ ತಿಳಿಯಲು ಹಳೆಯ ಆರ್ಡರ್ ಕಾಪಿಗಳನ್ನು ತೆಗೆದು ಕೂತೆ. ಆರ್ಡರ್ ಹಾಕಿದ ದಿನ, ಮಾಲು ಇಳಿದ ದಿನ, ಎರಡನ್ನೂ ಪಕ್ಕಪಕ್ಕ ಬರೆದೆ. 9 ದಿನ ಅನ್ನುವುದು ಬರೀ ಬಾಯಿಮಾತು. ಒಮ್ಮೆ 5 ದಿನ, ಒಮ್ಮೆ 16. ಸರಾಸರಿ 9 ನಿಜ, ಆದರೆ ಅದರ ಏರಿಳಿತವೇ 4 ದಿನ. ಇದನ್ನೂ ಸೇರಿಸಿದರೆ ಲೆಕ್ಕ ಬದಲಾಗುತ್ತದೆ. ಖರ್ಚಿನ ಪಾಲು 9 ಸಲ 3ರ ವರ್ಗ, ಅಂದರೆ 81. ತಡವಾಗುವುದರ ಪಾಲು ದಿನದ ಖರ್ಚು 4ರ ವರ್ಗ ಸಲ ಏರಿಳಿತದ ದಿನ 4ರ ವರ್ಗ, ಅಂದರೆ 256. ಕೂಡಿಸಿ ವರ್ಗಮೂಲ ತೆಗೆದರೆ 18 ಚಿಲ್ಲರೆ. ಅದರ 1.65 ಪಟ್ಟು ಅಂದರೆ ಹೆಚ್ಚುವರಿ 15 ಸಾಲದು, ಸುಮಾರು 30 ಬೇಕು. ನಾನು ಗಿರಾಕಿಯನ್ನು ಅನುಮಾನಿಸುತ್ತಿದ್ದೆ, ದೊಡ್ಡ ಏರುಪೇರು ಇದ್ದದ್ದು ಲಾರಿಯ ಕಡೆ!

ಅದಕ್ಕಿಂತ ಮುಜುಗರದ ತಪ್ಪು ಇನ್ನೊಂದಿತ್ತು. ಸ್ಟಾಕ್ ಇಲ್ಲದ ದಿನ ಏನೂ ಹೋಗುವುದಿಲ್ಲ, ರಿಜಿಸ್ಟರ್‌ನಲ್ಲಿ ಸೊನ್ನೆ ಬೀಳುತ್ತದೆ. ಆ ಸೊನ್ನೆಗಳನ್ನೆಲ್ಲ ನಾನು 'ಯಾರೂ ಕೇಳಲಿಲ್ಲ' ಅಂತ ಓದಿದ್ದೆ. ಹಾಗಾಗಿ ಖಾಲಿ ಆದಷ್ಟೂ ಸರಾಸರಿ ಇಳಿಯುತ್ತಿತ್ತು, ಸರಾಸರಿ ಇಳಿದಷ್ಟೂ ಆರ್ಡರ್ ತಡವಾಗುತ್ತಿತ್ತು, ಮತ್ತೆ ಖಾಲಿ. ಈಗ ಆ ದಿನಗಳನ್ನು ಲೆಕ್ಕದಿಂದಲೇ ತೆಗೆಯುತ್ತೇನೆ. ಅರ್ಧ ದಿನಕ್ಕೆ ಮುಗಿದುಹೋದದ್ದನ್ನೂ ಅಷ್ಟೇ.

ಅಪರೂಪಕ್ಕೆ ಹೋಗುವ ಐಟಂಗಳಿಗೆ ಈ ಸೂತ್ರವೇ ಒಗ್ಗುವುದಿಲ್ಲ. ಒಂದು ಸೀಲ್ ವರ್ಷದಲ್ಲಿ 11 ದಿನ ಮಾತ್ರ ಹೋಗಿತ್ತು. ಹೆಚ್ಚಾಗಿ ಎರಡೆರಡು, ಒಂದು ದಿನ ಮಾತ್ರ 8. ಈ ಸೂತ್ರದ ಹಿಂದಿರುವ, ಸರಾಸರಿಯ ಎರಡೂ ಕಡೆ ಸಮನಾಗಿ ಹರಡುವ ಗಂಟೆಯಾಕಾರದ ವಕ್ರರೇಖೆಯನ್ನು ಇಂಥದಕ್ಕೆ ಹಾಕಿದರೆ ಮೈನಸ್ ಖರ್ಚೂ ಬರಬಹುದು ಅನ್ನುತ್ತದೆ. ಮೈನಸ್ ಎರಡು ಸೀಲ್ ಯಾರು ಕೇಳುತ್ತಾರೆ? ಹಾಗಾಗಿ ಸೂತ್ರ ಬಿಟ್ಟು ಎಕ್ಸೆಲ್‌ನಲ್ಲಿ ಚೀಟಿ ಎತ್ತಿಸಿದೆ, ಅಂದರೆ ಹಳೆಯ ದಾಖಲೆಗಳನ್ನು ಡಬ್ಬದಲ್ಲಿ ಹಾಕಿದ ಚೀಟಿಗಳು ಅಂದುಕೊಂಡು ಕಣ್ಣುಮುಚ್ಚಿ ಎತ್ತಿದ ಹಾಗೆ. ಮೊದಲು ಹಳೆಯ ಆರ್ಡರ್‌ಗಳಿಂದ ಒಂದು ಕಾಯುವ ಅವಧಿ ಎತ್ತುವುದು. 12 ದಿನ ಬಂತು ಅಂದುಕೊಳ್ಳಿ, ಹಳೆಯ ರಿಜಿಸ್ಟರ್‌ನಿಂದ 12 ದಿನಗಳ ಖರ್ಚು ಎತ್ತಿ ಕೂಡಿಸುವುದು. ಎತ್ತಿದ ಚೀಟಿ ವಾಪಸ್ ಡಬ್ಬಕ್ಕೆ. ಹೀಗೆ 5000 ಸಲ. ಬಂದ ಮೊತ್ತಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ 4750ನೆಯದನ್ನು ನೋಡಿದರೆ ಆಯಿತು, ಆರ್ಡರ್ ಹಾಕುವ ಮಟ್ಟ ಅದೇ. ಒಂದು ಎಚ್ಚರಿಕೆ: ಒಂದು ದಿನ ಜಾಸ್ತಿ ಹೋದರೆ ಮರುದಿನವೂ ಜಾಸ್ತಿ ಹೋಗುವ ಐಟಂ ಇದ್ದರೆ ಬಿಡಿ ದಿನಗಳನ್ನು ಎತ್ತಬಾರದು, ಸಾಲಾಗಿ ಒಂದು ತುಂಡನ್ನೇ ಎತ್ತಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಮ್ಮೆ ಸುಮ್ನೆ ಮೋಸಹೋದೆ. ರ‍್ಯಾಕ್‌ನಲ್ಲಿ ಇರುವುದನ್ನು ಮಾತ್ರ ಎಣಿಸಿ, ದಾರಿಯಲ್ಲಿದ್ದ ಆರ್ಡರ್ ಮರೆತು, ಅದೇ ಮಾಲಿಗೆ ಎರಡು ಸಲ ಆರ್ಡರ್ ಹಾಕಿದೆ. ಈಗ ಹಾಳೆಯಲ್ಲಿ 'ದಾರಿಯಲ್ಲಿದೆ' ಅಂತ ಒಂದು ಕಾಲಂ ಇದೆ. ಕೌಂಟರ್ ಹತ್ತಿರ ಒಂದು ನೋಟ್‌ಬುಕ್ ಕೂಡ ಇದೆ. ಅದರಲ್ಲಿ ಎರಡೇ ಸಾಲು: ಏನು ಕೇಳಿದರು, ಎಷ್ಟು ಇರಲಿಲ್ಲ.