ಮಣ್ಣಿಲ್ಲದ ಬೇಸಾಯ: ಗೊಬ್ಬರದ ನೀರು ಕಲಸುವುದು ಹೇಗೆ?

ಹೈಡ್ರೋಪೋನಿಕ್ಸ್ ಉದ್ಯಮಕ್ಕೆ ಇಳಿಯುವವರು ಎಲ್‌ಇಡಿ, ಏಸಿ, ಸೆನ್ಸರ್ ಅಂತ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಬೆಳೆ ಕೈಕೊಡುವುದು ಮಾತ್ರ ಹೆಚ್ಚಾಗಿ ನೀರಿನ ಟ್ಯಾಂಕಿನಲ್ಲಿ. ಲೆಟಿಸ್‌ನಂಥ ಸೊಪ್ಪಿಗೆ ಲೆಕ್ಕ ಹೀಗಿದೆ.

ಹಂತ 1: ಒದ್ದೆ ಸ್ಪಂಜಿನಲ್ಲಿ ಬೀಜ ಬಿತ್ತಿ. ಬೇರು ಕೆಳಗೆ ಇಣುಕಿದ ಮೇಲೆ ಸಸಿಯನ್ನು ಚಾನೆಲ್‌ಗೆ, ಅಂದರೆ ಗೊಬ್ಬರದ ನೀರು ಹರಿಯುವ ಪೈಪಿಗೆ ಇಡಿ.

ಹಂತ 2: ಗೊಬ್ಬರ ಹಾಕುವ ಮೊದಲು ಬರೀ ನೀರಿನ ಇಸಿ (ವಿದ್ಯುತ್ ವಾಹಕತೆ) ಅಳೆಯಿರಿ. ಕರಗಿದ ಲವಣ ಒಟ್ಟು ಎಷ್ಟಿದೆ ಎಂದು ಇದು ತಿಳಿಸುತ್ತದೆ. ಮೀಟರ್‌ನಲ್ಲಿ 0.5 mS/cm ದಾಟಿದರೆ ಆರ್‌ಒ ನೀರೇ ಬಳಸಿ.

ಹಂತ 3: ಎಡವುವುದೇ ಇಲ್ಲಿ. ಗೊಬ್ಬರ ಎ, ಬಿ ಎಂದು ಎರಡು ಡಬ್ಬಿಯಲ್ಲಿ ಬರುವುದಕ್ಕೆ ಕಾರಣವಿದೆ. ಎ ಡಬ್ಬಿಯಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಬಿ ಡಬ್ಬಿಯಲ್ಲಿ ಸಲ್ಫೇಟ್ ಮತ್ತು ಫಾಸ್ಫೇಟ್. ದಟ್ಟವಾಗಿರುವಾಗಲೇ ಎರಡನ್ನೂ ಸೇರಿಸಿದರೆ ಜಿಪ್ಸಂ, ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಬಿಳಿ ಗಸಿ ತಳಕ್ಕೆ ಕೂರುತ್ತದೆ. ಆ ಗಸಿ ಗಿಡಕ್ಕೆ ಸಿಗುವುದಿಲ್ಲ, ಪೈಪು ಕಟ್ಟಿಕೊಳ್ಳುವುದು ಬೇರೆ. ಹಾಗಾಗಿ ಮೊದಲು ಟ್ಯಾಂಕ್ ತುಂಬಾ ನೀರು. ನಂತರ ಎ ಹಾಕಿ ಚೆನ್ನಾಗಿ ಕಲಕಿ. ಆಮೇಲೆ ಅಷ್ಟೇ ಅಳತೆಯ ಬಿ. ಅಳತೆಯ ಮಗ್ ಕೂಡ ಬೇರೆ ಬೇರೆ ಇರಲಿ. ಇಸಿ 1.2ರ ಆಸುಪಾಸಿಗೆ ಬಂದರೆ ಸಾಕು. ಎಲ್ಲವೂ ಒಂದೇ ಬಾಟಲಿಯಲ್ಲಿದೆ ಎನ್ನುವ ದಟ್ಟ ದ್ರಾವಣ ಕಂಡರೆ ಲೇಬಲ್‌ನಲ್ಲಿ ಕ್ಯಾಲ್ಸಿಯಂ ಇದೆಯಾ ನೋಡಿ. ನಾನಂತೂ ಅಂಥದ್ದನ್ನು ಕೊಳ್ಳುವುದಿಲ್ಲ.

ಪಿಎಚ್, ಅಂದರೆ ನೀರು ಎಷ್ಟು ಹುಳಿ ಅಥವಾ ಕ್ಷಾರ ಎನ್ನುವ ಅಳತೆ, ಸರಿಮಾಡುವುದು ಕೊನೆಗೆ. ಗೊಬ್ಬರ ಬಿದ್ದರೇ ಪಿಎಚ್ ಬದಲಾಗುತ್ತದೆ, ಮೊದಲೇ ಸರಿಮಾಡಿ ಏನು ಲಾಭ? 5.5ರಿಂದ 6.5 ನಡೆಯುತ್ತದೆ, ನನ್ನ ಮಾತು ಕೇಳಿದರೆ 5.8ಕ್ಕೆ ನಿಲ್ಲಿಸಿ. ಕೈಗವಸು ಹಾಕಿಕೊಂಡು ಫಾಸ್ಫರಿಕ್ ಆಮ್ಲವನ್ನು ಸ್ವಲ್ಪ ನೀರಿನಲ್ಲಿ ತೆಳು ಮಾಡಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಅದನ್ನು ಚೂರುಚೂರೇ ಟ್ಯಾಂಕಿಗೆ ಹಾಕಿ, ಪಂಪ್ ಕಾಲು ಗಂಟೆ ಓಡಿದ ಮೇಲೆ ಮತ್ತೆ ಅಳೆಯಿರಿ. ವಿನಿಗರ್ ಹಾಕಿದರೆ ಆಗಲ್ವಾ? ಆಗುತ್ತದೆ, ಆದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುತ್ತವೆ, ಪಿಎಚ್ ಮತ್ತೆ ಏರುತ್ತದೆ. ಪಿಎಚ್ ಮೀಟರನ್ನು 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಆಗಾಗ ಸರಿಹೊಂದಿಸಿ. ಅದರ ತುದಿಯನ್ನು ಒಣಗಲು ಬಿಡಬೇಡಿ, ಡಿಸ್ಟಿಲ್ಡ್ ನೀರಿನಲ್ಲೂ ಇಡಬೇಡಿ. ಅದಕ್ಕೆಂದೇ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಸಿಗುತ್ತದೆ.

ಹಂತ 4: ಥರ್ಮಾಮೀಟರನ್ನು ಟ್ಯಾಂಕಿಗೇ ಇಳಿಬಿಡಿ. ಏಸಿ ತೋರಿಸುವುದು ಕೋಣೆಯ ಉಷ್ಣತೆ, ನೀರನ್ನು ಪಂಪೂ ಬಿಸಿ ಮಾಡುತ್ತದೆ. 18ರಿಂದ 22 ಡಿಗ್ರಿ ಒಳ್ಳೆಯದು. 25 ದಾಟಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆ, ಬೇರು ಕೊಳೆಸುವ ಪಿಥಿಯಂ ಕಾಟ ಜಾಸ್ತಿ.

ಹಂತ 5: ದಿನಾ ಇಸಿ ನೋಡಿ. ಏರಿದ್ದರೆ ಗಿಡ ಗೊಬ್ಬರಕ್ಕಿಂತ ನೀರನ್ನೇ ಹೆಚ್ಚು ಕುಡಿದಿದೆ, ಬರೀ ನೀರು ಸೇರಿಸಿ. ಇಳಿದಿದ್ದರೆ ಎ, ಬಿ ಸಮ ಹಾಕಿ. ಯಾವ ಲವಣ ಮುಗಿದಿದೆ ಎಂದು ಇಸಿ ಮೀಟರ್ ಹೇಳುವುದಿಲ್ಲ. ಅದಕ್ಕೇ ಎರಡು ವಾರಕ್ಕೊಮ್ಮೆ ಪೂರ್ತಿ ನೀರು ಬದಲಿಸಿ.

ಎಳೆ ಎಲೆಗಳ ಅಂಚು ಸುಟ್ಟಂತಾದರೆ ಸುಮ್ನೆ ಇನ್ನಷ್ಟು ಕ್ಯಾಲ್ಸಿಯಂ ಸುರಿಯಬೇಡಿ. ಗಾಳಿ ಆಡದಿದ್ದರೆ ಇದ್ದ ಕ್ಯಾಲ್ಸಿಯಂ ಕೂಡ ಎಳೆ ಎಲೆಗೆ ತಲುಪುವುದಿಲ್ಲ. ಮೊದಲು ಒಂದು ಫ್ಯಾನ್ ಹಾಕಿ ನೋಡಿ.