ಮೀಟರ್ ಕೂಗಿದರೂ ವೈರ್ ಸತ್ತಿತ್ತು: ನನ್ನ ಅನುಭವ

ವೈರ್ ತುಂಡಾಗಿದೆಯಾ ಅಂತ ನೋಡೋ ಮೀಟರ್ ಕುಂಯ್ ಅಂದರೆ ವೈರ್ ಸರಿ ಇದೆ ಅಂತ, ಗಾಡಿ ರಿಪೇರಿ ಮಾಡೋ ನಾನೂ ಹದಿನೈದು ವರ್ಷ ನಂಬಿದ್ದೆ. ಪಾಂಡವಪುರ ಕಡೆಯವರೊಬ್ಬರ ಫೋರ್ ವೀಲ್ ಡ್ರೈವ್ ಗಾಡಿ (ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡೋದು) ಆ ನಂಬಿಕೆ ಬಿಡಿಸಿತು.

ನಾಲೆ ಏರಿ, ಕಬ್ಬಿನ ಗದ್ದೆ ಕೆಸರು ಅಂತ ಓಡಾಡಿದ ಗಾಡಿ. ಎರಡು ಚಕ್ರದಿಂದ ನಾಲ್ಕಕ್ಕೆ ಹಾಕೋ ನಾಬ್ ತಿರುಗಿಸಿದರೆ ಲೈಟ್ ಮಿಣುಕುತ್ತದೆ, ಫೋರ್ ಹೈ (ನಾಲ್ಕು ಚಕ್ರ, ಮಾಮೂಲಿ ವೇಗ) ಬೀಳಲ್ಲ. ಮೈಸೂರಲ್ಲಿ ಎಲ್ಲೋ ತೋರಿಸಿದ್ದಕ್ಕೆ ಇದನ್ನು ಬದಲಿಸೋ ಮೋಟಾರು, ಆ ಮೋಟಾರಿಗೆ ಕರೆಂಟ್ ಕೊಡೋ ಮಾಡ್ಯೂಲ್ ಎರಡೂ ಬದಲಾಯಿಸಬೇಕು, ನಲವತ್ತು ಸಾವಿರ ಅಂದಿದ್ದರಂತೆ. ನಾನು ಜಾಣ ಅಲ್ವಾ, ಗುಜರಿಯಲ್ಲಿ 6,000 ಕೊಟ್ಟು ಹಳೇ ಮೋಟಾರು ತಂದು ಹಾಕಿದೆ. ಅದೂ ಅಲ್ಲಾಡಲಿಲ್ಲ. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ.

ಆಮೇಲೆ ಬುದ್ಧಿ ಬಂತು. ಮೊದಲಿನ ಮೋಟಾರನ್ನೇ ಟೇಬಲ್ ಮೇಲಿಟ್ಟು ಎರಡು ದಪ್ಪ ವೈರಿಗೆ ನೇರ ಬ್ಯಾಟರಿ ಮುಟ್ಟಿಸಿದೆ. ಗರ್ರ್ ಅಂತ ತಿರುಗಿತು. ಅದಲು ಬದಲು ಮಾಡಿದರೆ ಹಿಂದಕ್ಕೂ ತಿರುಗಿತು. ಹಾಗಾದರೆ ದೋಷ ಮೋಟಾರಿಗೆ ಬರೋ ವೈರಲ್ಲೇ ಇರಬೇಕು. ಆದರೆ ಮೀಟರ್ ಹಿಡಿದರೆ ಪ್ರತಿ ವೈರೂ ಕೂಗುತ್ತದೆ!

ಹೆಡ್‌ಲೈಟಿನ 55 ವ್ಯಾಟ್ ಬಲ್ಬ್ ತೆಗೆದೆ. ನನ್ನ ಜೊತೆ ಕೆಲಸ ಮಾಡೋ ಹುಡುಗ ನಕ್ಕ: "ಅಣ್ಣ, ಮೀಟ್ರೇ ಕೂಗ್ತಾ ಅದೆ, ಬಲ್ಬ್‌ನಲ್ಲಿ ಏನ್ ನೋಡ್ತೀರ?" ಮಾಡ್ಯೂಲ್ ಪ್ಲಗ್ ಕಳಚಿ, ಆ ತುದಿಗೆ ಫ್ಯೂಸ್ ಮೂಲಕ ಬ್ಯಾಟರಿ ಕೊಟ್ಟು, ಮೋಟಾರಿನ ತುದಿಯಲ್ಲಿ ಬಲ್ಬ್ ಕಟ್ಟಿದೆ. ಒಂದು ದಪ್ಪ ವೈರಲ್ಲಿ ಬೆಳ್ಳಗೆ ಉರಿಯಿತು. ಇನ್ನೊಂದರಲ್ಲಿ ಬೀಡಿ ತುದಿಯಷ್ಟು ಕೆಂಪು. ಬ್ಯಾಟರಿಯಲ್ಲಿ 12.5 ವೋಲ್ಟ್ ಇದ್ದದ್ದು ಬಲ್ಬ್ ಹತ್ತಿರ ನಾಲ್ಕು ಚಿಲ್ಲರೆ. ಹುಡುಗ ನಗೋದು ನಿಲ್ಲಿಸಿದ. ಇದನ್ನು ದಪ್ಪ ವೈರಿಗೆ ಮಾತ್ರ ಮಾಡಿ, ಸೆನ್ಸರಿನ ಸಣ್ಣ ವೈರಿಗೆ ಬೇಡ.

ಗೇರ್‌ಬಾಕ್ಸ್ ಮೇಲೆ ಯಾರೋ ಹಿಂದೆ ಹಾಕಿದ್ದ ಜಾಯಿಂಟ್. ಟೇಪ್ ಬಿಚ್ಚಿದರೆ ಒಳಗೆಲ್ಲಾ ಹಸಿರು ಕಿಲುಬು, ಹಿಡಿದುಕೊಂಡಿದ್ದು ಒಂದೆರಡು ಎಳೆ. ಮೀಟರಿನ ಚೂರು ಕರೆಂಟಿಗೆ ಅಷ್ಟೇ ಸಾಕು, ಮೋಟಾರಿಗೆ ಎಲ್ಲಿ ಸಾಲುತ್ತೆ? ಪ್ಲಗ್ಗಿನ ಪಿನ್ನುಗಳೂ ಸವೆದಿದ್ದವು. ಲಾಕ್ ಮುರಿಯದೆ ಅವನ್ನು ಹೇಗೆ ಎಳೆದೆ ಅಂತ ಇಲ್ಲಿ ಹೇಳಲ್ಲ, ಅದು ನನ್ನ ಅನ್ನ.

ಮಧ್ಯೆ ಸುಮ್ನೆ ಇನ್ನೊಂದು ಆಟ ಆಡಿದೆ. ಮೋಟಾರು ಎಲ್ಲಿ ನಿಂತಿದೆ ಅಂತ ಮಾಡ್ಯೂಲ್‌ಗೆ ಹೇಳೋ ಪೊಸಿಷನ್ ವೈರುಗಳಿಗೆ ರೆಸಿಸ್ಟರ್ ಹಾಕಿದ ನಾಲ್ಕು ಎಲ್‌ಇಡಿ ಕಟ್ಟಿ, ಮೋಟಾರು ತಿರುಗಿಸುತ್ತಾ ಕೂತೆ. ಟೂ ಹೈ (ಎರಡೇ ಚಕ್ರ), ಫೋರ್ ಹೈ, ಫೋರ್ ಲೋ (ನಾಲ್ಕು ಚಕ್ರ, ನಿಧಾನ ಆದರೆ ಹೆಚ್ಚು ಎಳೆತ), ಒಂದೊಂದಕ್ಕೂ ಬೇರೆ ಬೇರೆ ದೀಪ. ಅರ್ಧ ದಿನ ಹೋಯಿತು, ಕಾಸು ಹುಟ್ಟಲಿಲ್ಲ, ಆದರೆ ಖುಷಿ ಆಯಿತು.

ಸರಿ ಮಾಡೋಕೆ ಹಾಕಿದ ವೈರು, ಸ್ಲೀವು, ಪಿನ್ನು ಸೇರಿ ಮುನ್ನೂರು ಆಗಿರಬಹುದು. 3,500 ತಗೊಂಡೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಫೋರ್ ಲೋ ತಿರುಗಿಸಿದಾಗ ಕೆಳಗಿಂದ ಟಕ್ ಅಂತ ಬಂದ ಸದ್ದಿಗೆ ಓನರ್ ಎರಡು ಸಲ ಹಾಕಿ ತೆಗೆದು ನೋಡಿದರು.

ಗುಜರಿ ಮೋಟಾರನ್ನೂ ಆಮೇಲೆ ಬ್ಯಾಟರಿಗೆ ಹಿಡಿದೆ, ಚೆನ್ನಾಗೇ ತಿರುಗುತ್ತದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಐದು ಸಾವಿರಕ್ಕೆ ಕೊಡ್ತೀನಿ.